ಸರ್ಪಸುತ್ತು ಒಣಗಿತು, ಉರಿ ಮಾತ್ರ ಹೋಗಿಲ್ಲ

ಪ್ರಶ್ನೆ: ನಮ್ಮತ್ತೆಗೆ 74 ವರ್ಷ. ಸರ್ಪಸುತ್ತಿನ ಗುಳ್ಳೆ ಒಣಗಿ ನಾಲ್ಕು ತಿಂಗಳಾಯಿತು. ಪಕ್ಕೆಯಲ್ಲಿ ಇನ್ನೂ ಉರಿ, ಬಟ್ಟೆ ತಾಗಿದರೂ ನೋವು. ಮಾತ್ರೆ ತಗೊಂಡರೆ ತಲೆ ಸುತ್ತುತ್ತೆ ಅಂತಾರೆ. ನ್ಯಾಚುರಲ್ ಮದ್ದು ಇದೆಯಾ?

ಉತ್ತರ: ಒಮ್ಮೆ ಅತ್ತೆ, ಒಮ್ಮೆ ಅಜ್ಜ. ಪ್ರಶ್ನೆ ಮಾತ್ರ ಇದೇ. ವಾಸಿಯಾಗಿರುವುದು ಚರ್ಮ, ನರವಲ್ಲ. ವೈರಸ್ ಕೆಡಿಸಿದ ನರಕ್ಕೆ ಬಟ್ಟೆ ಸೋಕಿದರೂ ಬೆಂಕಿ ಸೋಕಿದಂತೆ. ಸೊಪ್ಪು ಅರೆದು ಮೇಲೆ ಹಚ್ಚಿದರೆ ಅದು ಅಲ್ಲಿಗೆ ಹೇಗೆ ಮುಟ್ಟೀತು? ಹಸಿ ಬೆಳ್ಳುಳ್ಳಿ ಕಟ್ಟಿಕೊಂಡು ಚರ್ಮ ಸುಟ್ಟುಕೊಂಡು ಬಂದವರನ್ನು ನೋಡಿ ನನಗಂತೂ ಸಾಕಾಗಿದೆ.

ಗಿಡದ ಮದ್ದೇ ಬೇಕೆಂದರೆ ಒಂದಿದೆ. ಮೆಣಸಿನಕಾಯಿಯ ಖಾರದ ಅಂಶ, ಕ್ಯಾಪ್ಸೈಸಿನ್. ಶೇ 0.075ರ ಕ್ರೀಮನ್ನು ದಿನಕ್ಕೆ ಮೂರ್ನಾಲ್ಕು ಸಲ ಹಚ್ಚಬೇಕು. ಮೊದಮೊದಲು ಉರಿ ಜಾಸ್ತಿಯೇ ಆಗುತ್ತದೆ, ಗುಣ ಕಾಣಲು ವಾರಗಳು ಬೇಕು. ಮುಖಕ್ಕೆ, ಒಡೆದ ಚರ್ಮಕ್ಕೆ ಬೇಡ. ಹಚ್ಚಿದ ಕೈಯನ್ನು ಸೋಪು ಹಾಕಿ ತೊಳೆಯಿರಿ. ಹಾಗಂತ ಅಡುಗೆಮನೆಯ ಖಾರದ ಪುಡಿಯನ್ನು ಎಣ್ಣೆಯಲ್ಲಿ ಕಲಸಲು ಹೋಗಬೇಡಿ, ದಯವಿಟ್ಟು. ಉರಿ ತಡೆಯಲಾರದವರಿಗೆ ಜಾಗವನ್ನು ಮರಗಟ್ಟಿಸುವ ಲಿಡೊಕೇನ್ ಪಟ್ಟಿ ವಾಸಿ. 12 ಗಂಟೆ ಅಂಟಿಸಿ, 12 ಗಂಟೆ ತೆಗೆದಿಡುವುದು.

ಅತ್ತೆಯವರು ಹೇಳುವ ತಲೆಸುತ್ತು ಸುಳ್ಳಲ್ಲ. ನರದ ನೋವಿಗೆ ಕೊಡುವ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್ ಮಾತ್ರೆ ಎಲ್ಲದರದ್ದೂ ಅದೇ ಕಾಟ. ರಾತ್ರಿ ಬಾತ್‌ರೂಮಿಗೆ ಎದ್ದು ಬಿದ್ದರೆ ನರದ ನೋವಿನ ಜೊತೆ ಸೊಂಟದ ಮೂಳೆಯೂ ಸೇರಿಕೊಳ್ಳುತ್ತದೆ. ಅದಕ್ಕೇ ನಾನು ತೀರಾ ಸಣ್ಣ ಡೋಸಿನಿಂದ ಶುರು ಮಾಡಿ, ನಿಧಾನಕ್ಕೆ ಏರಿಸುತ್ತೇನೆ. ಮೊದಲೆರಡಕ್ಕೆ ಕಿಡ್ನಿ ಪರೀಕ್ಷೆಯೂ ಬೇಕು. ಡೋಸ್ ಇಳಿಸಲು ಡಾಕ್ಟರಿಗೆ ಹೇಳಿ, ನೀವೇ ದಿಢೀರನೆ ನಿಲ್ಲಿಸಬೇಡಿ.

ಇನ್ನು ಹೆಸರಿಲ್ಲದ ಪುಡಿ ಪೊಟ್ಟಣ. ಎರಡೇ ದಿನದಲ್ಲಿ ಆರಾಮಾದರೆ ಖುಷಿಪಡಬೇಡಿ, ಒಳಗೆ ಸ್ಟೀರಾಯ್ಡ್ ಇರಬಹುದು.

ಪ್ರಶ್ನೆ: ಗುಳ್ಳೆ ಸೊಂಟ ಸುತ್ತಿ ತಲೆ-ಬಾಲ ಕೂಡಿದರೆ ಜೀವಕ್ಕೆ ಅಪಾಯವಂತೆ?

ಉತ್ತರ: ಅಲ್ಲಿ ಹಾವೇ ಇಲ್ಲ, ತಲೆ-ಬಾಲ ಎಲ್ಲಿಂದ ಬರಬೇಕು? ಅದು ಚಿಕನ್‌ಪಾಕ್ಸ್ ವೈರಸ್.

ಪ್ರಶ್ನೆ: ಈಗ ಲಸಿಕೆ ಹಾಕಿಸಿದರೆ ಈ ನೋವು ಹೋಗುತ್ತಾ?

ಉತ್ತರ: ಇಲ್ಲ. ಅದು ಮುಂದೆ ಬರದಂತೆ ತಡೆಯಲು. 50 ದಾಟಿದವರು ಕೇಳಿ ಹಾಕಿಸಿಕೊಳ್ಳಿ, ಎರಡು ಡೋಸ್.

ಪ್ರಶ್ನೆ: ನಿನ್ನೆ ಅಪ್ಪನ ಹಣೆಯ ಮೇಲೆ ಗುಳ್ಳೆ ಎದ್ದಿವೆ. ಎಷ್ಟು ದಿನ ಮನೆಮದ್ದು ಮಾಡಿ ನೋಡಬಹುದು?

ಉತ್ತರ: ಒಂದು ದಿನವೂ ಬೇಡ. ವೈರಸ್ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಅದರಲ್ಲಿ ಒಂದು ದಿನ ಆಗಲೇ ಹೋಯಿತು. ಹಣೆ, ಮೂಗಿನ ತುದಿ ಅಂದರೆ ಕಣ್ಣಿಗೂ ತಗುಲಬಹುದು. ಇದನ್ನು ಓದುವುದು ಬಿಟ್ಟು ಹೊರಡಿ.