ಬೀಗದ ಕೈ ಯಾರ ಹತ್ತಿರ?

ಕಾಸರಗೋಡಿನಲ್ಲಿ ಕನ್ನಡ, ಮಲಯಾಳ ಅಂತ ಸದಾ ತಿಕ್ಕಾಟ ಅಲ್ವಾ, ಅಂಥ ಕಡೆ ಹೈಸ್ಕೂಲಿನ ಅಂಗಳದಲ್ಲಿ ಊರಿಗೆಲ್ಲ ಒಂದೇ ರಂಗಮಂದಿರ ಹೇಗೆ ಕಟ್ಟಿದಿರಿ ಎಂದು ಕೇಳಿದ್ದೀರಿ. ದೂರದಿಂದ ನೋಡಿದರೆ ಹಾಗೆ ಅನ್ನಿಸುವುದು ಸಹಜ. ಆದರೆ ಸಮಿತಿಯ ಬೆಂಚಿನಲ್ಲಿ ಕೂತವನಾಗಿ ಹೇಳುತ್ತೇನೆ: ಭಾಷೆಗಾಗಿ ನಮ್ಮಲ್ಲಿ ಒಂದು ದಿನವೂ ಜಗಳ ಆಗಲಿಲ್ಲ. ಆದದ್ದು ಚೌಕಿಗಾಗಿ, ಅಂದರೆ ವೇಷ ಕಟ್ಟುವ ಕೋಣೆಗಾಗಿ, ಮಾಡಿಗಾಗಿ, ಅಂದರೆ ಛಾವಣಿಗಾಗಿ, ಕೊನೆಗೆ ಬೀಗದ ಕೈಗಾಗಿ.

ಹಿನ್ನೆಲೆ ಎರಡೇ ಮಾತಿನಲ್ಲಿ ಹೇಳಿಬಿಡುತ್ತೇನೆ. 1956ರ ನವೆಂಬರ್ 1ರ ತನಕ ನಾವು ದಕ್ಷಿಣ ಕನ್ನಡ ಜಿಲ್ಲೆಯವರು, ಆಮೇಲೆ ಕೇರಳದವರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು ಮಹಾಜನ ವರದಿ 1967ರಲ್ಲಿ ಹೇಳಿತು. ಅದು ಜಾರಿಗೆ ಬರಲಿಲ್ಲ. ಆ ನೋವು ಹಿರಿಯರಲ್ಲಿ ಇದೆ, ಇಲ್ಲ ಎನ್ನುವುದಿಲ್ಲ. ಆದರೆ ಶಾಲೆಯ ಒಳಗೆ ಬದುಕು ಬೇರೆ ಥರ. ಎಂಟನೇ ಕ್ಲಾಸಿನ ಒಂದು ಡಿವಿಷನ್ ಕನ್ನಡ, ಪಕ್ಕದ್ದು ಮಲಯಾಳ. ಮನೆಯಲ್ಲಿ ತುಳು, ಹವ್ಯಕ, ಕೊಂಕಣಿ, ಬ್ಯಾರಿ, ಮರಾಠಿ. ಗಂಟೆ ಮಾತ್ರ ಒಂದೇ.

ಮಕ್ಕಳನ್ನು ಒಟ್ಟಿಗೆ ತರುವುದು ಕಲೋತ್ಸವ. ಕೇರಳದಲ್ಲಿ 1957ರಿಂದ ನಡೆಯುತ್ತಿರುವ ಶಾಲಾ ಕಲೋತ್ಸವದಲ್ಲಿ ಈಗ ಯಕ್ಷಗಾನವೂ ಒಂದು ಸ್ಪರ್ಧೆ. ನಿಮಗೆ ಇದು ಹೊಸದಿರಬಹುದು. ಶಾಲೆಯಲ್ಲಿ ಆರಂಭ, ಆಮೇಲೆ ಉಪಜಿಲ್ಲೆ, ಜಿಲ್ಲೆ, ರಾಜ್ಯ. 2019ರಲ್ಲಿ ರಾಜ್ಯ ಕಲೋತ್ಸವ ನಮ್ಮ ಜಿಲ್ಲೆಯ ಕಾಞಂಗಾಡಿನಲ್ಲೇ ನಡೆಯಿತು. ಅಕ್ಟೋಬರ್ ಹೊತ್ತಿಗೆ ನಮ್ಮ ಅಂಗಳಕ್ಕೆ ಬಂದು ನೋಡಬೇಕು. ಒಂದು ಮೂಲೆಯಲ್ಲಿ ತಾಳಕ್ಕೆ ಹೆಜ್ಜೆ, ಇನ್ನೊಂದು ಮೂಲೆಯಲ್ಲಿ ಮುಸ್ಲಿಂ ಮದುವೆಮನೆಯ ಹಾಡು ಕುಣಿತವಾದ ಒಪ್ಪನದ ಚಪ್ಪಾಳೆ, ಸೈಕಲ್ ಶೆಡ್ಡಿನ ಹತ್ತಿರ ಕೋಲು ಹಿಡಿದು ಕುಣಿಯುವ ಕೋಲ್ಕಳಿ, ವರಾಂಡದಲ್ಲಿ ಮಲಯಾಳ ನಾಟಕದ ರಿಹರ್ಸಲ್. ಯಕ್ಷಗಾನದಲ್ಲಿ ವೇಷ ಹಾಕುವ ಮಲಯಾಳ ಡಿವಿಷನ್ನಿನ ಹುಡುಗರು ಕನ್ನಡದ ಅರ್ಥವನ್ನು, ಅಂದರೆ ಪಾತ್ರದ ಮಾತನ್ನು, ಮಲಯಾಳ ಲಿಪಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಾರೆ. ಉಚ್ಚಾರ ಕೆಲವೊಮ್ಮೆ ನಮ್ಮ ಮಕ್ಕಳಿಗಿಂತ ಸ್ಪಷ್ಟ. ಇದನ್ನು ಹೇಳಿದರೆ ನಮ್ಮವರಿಗೆ ಸ್ವಲ್ಪ ಸಿಟ್ಟು ಬರುತ್ತದೆ, ಬರಲಿ ಬಿಡಿ.

ಇಷ್ಟಕ್ಕೆಲ್ಲ ಮೊದಲು ಇದ್ದದ್ದು ಧ್ವಜಸ್ತಂಭದ ಪಕ್ಕದ ಒಂದು ಸಿಮೆಂಟ್ ಕಟ್ಟೆ. ಮೇಲೆ ಮಾಡು ಇರಲಿಲ್ಲ. ಮಳೆ ಬಂದರೆ ಅಭ್ಯಾಸ ನಿಂತಿತು. ಹಳೇ ವಿದ್ಯಾರ್ಥಿಗಳು, ಹೆತ್ತವರ ಮತ್ತು ಶಿಕ್ಷಕರ ಸಂಘವಾದ ಪಿಟಿಎ, ಊರಿನ ಯಕ್ಷಗಾನ ಸಂಘ, ನಾಟಕ ತಂಡ, ಮಸೀದಿಯ ಜಮಾಅತಿನ ಯುವಕರು ಎಲ್ಲ ಸೇರಿ ಒಂದು ಸಮಿತಿ ಮಾಡಿದೆವು. ಹಣ ಹೇಗೋ ಕೂಡಿತು, ಅದು ದೊಡ್ಡ ಕತೆಯಲ್ಲ. ನಕ್ಷೆ ಬಂದಾಗ ಕತೆ ಶುರುವಾಯಿತು.

ನಕ್ಷೆಯಲ್ಲಿ ವೇದಿಕೆಯ ಎರಡು ಪಕ್ಕಕ್ಕೆ ಎರಡು ಪುಟ್ಟ ಕೋಣೆ, ಗೋಡೆಗೆ ಕನ್ನಡಿ, ನಾಲ್ಕು ಕುರ್ಚಿ. ಶಾಲೆಯ ವಾರ್ಷಿಕೋತ್ಸವಕ್ಕೆ ಸಾಕು. ಆಟಕ್ಕೆ ಸಾಲದು. ನಮ್ಮ ಕಡೆ ಯಕ್ಷಗಾನಕ್ಕೆ ಆಟ ಅಂತಲೇ ಹೇಳುವುದು. ಆಟದ ಚೌಕಿ ಅಂದರೆ ಬಟ್ಟೆ ಬದಲಿಸುವ ಕೋಣೆ ಅಲ್ಲ. ಉದ್ದದ ಜಾಗ ಬೇಕು. ಎರಡು ಸಾಲಿನಲ್ಲಿ ಕಲಾವಿದರು ನೆಲದ ಮೇಲೆ ಕೂತು ಬಣ್ಣ ಹಚ್ಚಬೇಕು. ಪೆಟ್ಟಿಗೆಗಳು ತೆರೆದಿರಬೇಕು, ಕಿರೀಟ ಇಡಲು ಜಾಗ, ಗೆಜ್ಜೆ ಕಟ್ಟಲು ಜಾಗ, ಒಂದು ತುದಿಯಲ್ಲಿ ಗಣಪತಿ. ಕಿರೀಟ ಹೊತ್ತ ವೇಷಕ್ಕೆ ಬಾಗಿಲು ಕೂಡ ಎತ್ತರ ಬೇಕು, ಅಗಲ ಬೇಕು. ಎಂಜಿನಿಯರ್ ಮಾಮೂಲಿ ಬಾಗಿಲು ಬರೆದಿದ್ದರು. ನಮ್ಮ ಒಬ್ಬ ಹಿರಿಯ ವೇಷಧಾರಿ ಏನೂ ಮಾತಾಡಲಿಲ್ಲ. ಮರುದಿನ ಮೀಟಿಂಗಿಗೆ ಕಿರೀಟವನ್ನೇ ತಂದು ತಲೆಗೆ ಇಟ್ಟುಕೊಂಡು ಆಫೀಸಿನ ಬಾಗಿಲಿನ ಎದುರು ನಿಂತರು. ನಕ್ಷೆ ಬದಲಾಯಿತು.

ಶಾಲೆಯ ಕಟ್ಟಡದಲ್ಲಿ ದೇವರ ಜಾಗ ಸರಿಯಾ ಎಂಬ ಪ್ರಶ್ನೆಯೂ ಬಂತು. ಕೇಳಿದ್ದು ನಮ್ಮದೇ ಒಬ್ಬ ಕನ್ನಡ ಮಾಷ್. ಮೇಳದ ಗಣಪತಿ ಮೇಳದ ಜೊತೆ ಬರುತ್ತಾನೆ, ಆಟ ಮುಗಿದ ಮೇಲೆ ಮೇಳದ ಜೊತೆ ಹೋಗುತ್ತಾನೆ, ಅವನಿಗೆ ಕಟ್ಟೆ ಯಾಕೆ ಎಂದು ಸಂಘದವರೇ ಹೇಳಿದರು. ಅಲ್ಲಿಗೆ ಮುಗಿಯಿತು. ಆ ಉದ್ದ ಕೋಣೆಯನ್ನು ಈಗ ಹೆಚ್ಚು ಇಷ್ಟಪಡುವವರು ಯಾರು ಗೊತ್ತಾ? ಒಪ್ಪನದ ಹುಡುಗಿಯರು. ಇಡೀ ತಂಡ ಒಟ್ಟಿಗೆ ಕೂತು ಅಲಂಕಾರ ಮಾಡಿಕೊಳ್ಳಬಹುದು. ನಡುವೆ ಎಳೆಯುವ ಪರದೆ ಬೇಕೆಂದು ಕೇಳಿದ್ದೂ ಅವರ ತಾಯಂದಿರೇ.

ವೇದಿಕೆಯ ವಿಷಯದಲ್ಲಿ ನಾಟಕದವರಿಗೂ ಆಟದವರಿಗೂ ಹೊಂದಲಿಲ್ಲ. ನಾಟಕಕ್ಕೆ ಪಕ್ಕದಲ್ಲಿ ಮರೆ ಬೇಕು, ಮುಂದೆ ಪರದೆ ಬೇಕು, ಕತ್ತಲು ಬೇಕು. ಆಟಕ್ಕೆ ಹಿಂದೆ ಭಾಗವತರು, ಚೆಂಡೆ ಮದ್ದಳೆ ಕೂತ ಮೇಲೂ ಕುಣಿಯಲು ಜಾಗ ಉಳಿಯಬೇಕು, ಮೂರು ಕಡೆಯಿಂದ ಜನ ನೋಡುವಂತಿರಬೇಕು. ಕೊನೆಗೆ ಮರೆಗಳನ್ನು ತೆಗೆದಿಡುವ ಹಾಗೆ ಮಾಡಿದೆವು. ನಾಟಕದವರು ಇನ್ನೂ ಗೊಣಗುತ್ತಾರೆ. ನನ್ನ ಪ್ರಕಾರ ಅವರ ಗೊಣಗಾಟದಲ್ಲಿ ನ್ಯಾಯ ಇದೆ.

ಮಾಡಿಗೆ ಶೀಟು ಹಾಕಿದ್ದು ನಮ್ಮ ದೊಡ್ಡ ತಪ್ಪು. ನಮ್ಮ ಮಳೆ ನಿಮಗೆ ಗೊತ್ತಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಶೀಟಿನ ಮೇಲೆ ಅದು ಬಾರಿಸುವಾಗ ತಾಳಮದ್ದಳೆಯ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಾಡುವ ಆಟದ, ಅರ್ಥ ಎದುರು ಕೂತವನಿಗೂ ಕೇಳುವುದಿಲ್ಲ. ಮಳೆ ಇಲ್ಲದಾಗ ಚೆಂಡೆಯ ಸದ್ದು ಶೀಟಿಗೆ ಹೊಡೆದು ವಾಪಸ್ ಬರುತ್ತದೆ. ಎರಡನೇ ವರ್ಷ ಕೆಳಗೆ ಸೀಲಿಂಗ್ ಕೊಟ್ಟ ಮೇಲೆ ಎಷ್ಟೋ ವಾಸಿ. ಗೋಡೆಗೆ ಮುರಕಲ್ಲು, ಗಾರೆ ಮಾಡಲಿಲ್ಲ. ದುಡ್ಡು ಉಳಿಸಲು ಹಾಗೆ ಬಿಟ್ಟದ್ದು. ಆದರೆ ಆ ಒರಟು, ತೂತು ಕಲ್ಲು ಸದ್ದನ್ನು ಸ್ವಲ್ಪ ನುಂಗುತ್ತದೆ. ಸುಮ್ನೆ ಸಿಕ್ಕಿದ ಲಾಭ.

ಇನ್ನು ಸಮಯದ ಲೆಕ್ಕ. ತುಳುವರ ಬೇಷ ತಿಂಗಳ ಹತ್ತನೇ ದಿನ ಪತ್ತನಾಜೆ, ಅಂದರೆ ಮೇ 24ರ ಸುಮಾರಿಗೆ. ಅವತ್ತು ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಅಂದರೆ ಆ ವರ್ಷದ ತಿರುಗಾಟ ಮುಗಿಸುತ್ತವೆ. ಒಂದು ವಾರದಲ್ಲಿ ಶಾಲೆ ಶುರು. ಕಲಾವಿದರಿಗೆ ಬಿಡುವಿರುವಾಗ ಶಾಲೆಗೆ ಬಿಡುವಿಲ್ಲ. ಆಟದ ಭರಾಟೆ ಜೋರಾಗಿರುವ ಮಾರ್ಚಿನಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆ. ಹಾಗಾಗಿ ಫೆಬ್ರವರಿ, ಮಾರ್ಚ್ ಮೈಕ್ ಇಲ್ಲ. ಉಳಿದ ದಿನ ಶಾಲೆ ಬಿಟ್ಟ ಮೇಲೆ ಊರಿನವರಿಗೆ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕಕ್ಕೆ ಕಾನೂನು ಒಪ್ಪುವುದಿಲ್ಲ, ಆದ್ದರಿಂದ ಬೆಳಗಿನ ತನಕದ ಆಟ ಇಲ್ಲಿ ಇಲ್ಲ, ಕಾಲಮಿತಿಯದ್ದು ಮಾತ್ರ. ಹಿರಿಯರಿಗೆ ಬೇಸರ. ಮಳೆಗಾಲದ ಶನಿವಾರ ಸಂಜೆ ತಾಳಮದ್ದಳೆ ಮತ್ತು ನಾಟ್ಯದ ಕ್ಲಾಸ್, ಅದೇ ಈಗ ಎಲ್ಲಕ್ಕಿಂತ ಚೆನ್ನಾಗಿ ನಡೆಯುವುದು.

ಬೀಗದ ಕೈ ಕೊನೆಗೆ ಬಂತು, ಅದೇ ಜಾಸ್ತಿ ಸತಾಯಿಸಿತು. ಕೇರಳದಲ್ಲಿ ಸರಕಾರಿ ಹೈಸ್ಕೂಲು ಜಿಲ್ಲಾ ಪಂಚಾಯತಿನ ಕೆಳಗೆ. ಕಟ್ಟಡ ಊರಿನವರು ಕಟ್ಟಿದರೂ ಏನಾದರೂ ಆದರೆ ಉತ್ತರ ಹೇಳಬೇಕಾದವರು ಮುಖ್ಯ ಶಿಕ್ಷಕರು, ಅಂದರೆ ಎಚ್‌ಎಂ. ಒಬ್ಬರು ಎಚ್‌ಎಂ ನಮ್ಮ ಜೊತೆ ಕಲ್ಲು ಹೊತ್ತರು. ಅವರಿಗೆ ವರ್ಗ ಆಯಿತು. ಆಮೇಲೆ ಬಂದವರು ಬೀಗ ಹಾಕಿ ಅರ್ಜಿ ಕೊಡಿ ಎಂದರು. ಅವರನ್ನೂ ದೂರಲಾರೆ. ಎಂಟು ತಿಂಗಳು ಚೌಕಿಯಲ್ಲಿ ಹಳೇ ಬೆಂಚು ತುಂಬಿತ್ತು. ಆಮೇಲೆ ಒಬ್ಬ ಎಲೆಕ್ಟ್ರಿಷಿಯನ್ ದಾರಿ ತೋರಿಸಿದ: ಕರೆಂಟಿಗೆ ಬೇರೆ ಮೀಟರ್ ಇಡಿ, ಚೌಕಿಗೆ ರಸ್ತೆ ಕಡೆಯಿಂದ ಬೇರೆ ಬಾಗಿಲು ಇಡಿ. ಈಗ ಶಾಲೆಯ ಕಡೆಯ ಬೀಗದ ಕೈ ಆಫೀಸಿನಲ್ಲಿ, ರಸ್ತೆ ಕಡೆಯದ್ದು ಸಮಿತಿಯಲ್ಲಿ. ಊರಿನ ಕಾರ್ಯಕ್ರಮದ ಕರೆಂಟ್ ಬಿಲ್ಲು ಊರಿನದ್ದು. ಬಿಲ್ಲು ಬೇರೆ ಆದ ಮೇಲೆ ಮಾತುಕತೆಯೂ ಮೆತ್ತಗಾಯಿತು.

ಬೋರ್ಡು ಯಾವ ಭಾಷೆಯಲ್ಲಿ ಅಂತ ನೀವು ಕೇಳುತ್ತೀರಿ, ಗೊತ್ತು. ಬೋರ್ಡೇ ಹಾಕಿಲ್ಲ. ಮರೆತೇ ಹೋಯಿತು ಎಂದರೂ ಸರಿ. ಎಲ್ಲರೂ ಇಡೀ ಕಟ್ಟಡವನ್ನೇ ಚೌಕಿ ಎನ್ನುತ್ತಾರೆ, ಮಲಯಾಳ ಡಿವಿಷನ್ನಿನ ಮಕ್ಕಳೂ ಅದನ್ನೇ ಹೇಳುತ್ತಾರೆ.

ಬರುವುದಾದರೆ ಜುಲೈಯ ಒಂದು ಶನಿವಾರ ಬನ್ನಿ, ರಸ್ತೆ ಕಡೆಯ ಬಾಗಿಲಿಗೆ. ಕೈ ನನ್ನ ಹತ್ತಿರವೇ ಇರುತ್ತದೆ. ಎಡಗಡೆಯ ಮೂಲೆಯಲ್ಲಿ ಮಾತ್ರ ಕೂರಬೇಡಿ, ಅಲ್ಲಿ ಇನ್ನೂ ಸೋರುತ್ತದೆ.