ಆಂಡಿ ರೂಯಿಜ್ ಗೆದ್ದದ್ದು ಬರೀ ಲಕ್ಕಿನಿಂದಲಾ?

ಪ್ರಶ್ನೆ: ಸರ್, 2019ರ ಜೂನ್ 1ರಂದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆದ ಹೆವಿವೇಟ್ (ಅತಿ ಭಾರದವರ ವಿಭಾಗ) ಬಾಕ್ಸಿಂಗ್ ಪಂದ್ಯದಲ್ಲಿ ಆಂಡಿ ರೂಯಿಜ್, ಚಾಂಪಿಯನ್ ಆಂಥನಿ ಜೋಶುವಾನನ್ನು ಸೋಲಿಸಿದ್ದರ ಬಗ್ಗೆ ನಮ್ಮ ಗೆಳೆಯರಲ್ಲಿ ಇವತ್ತಿಗೂ ಜಗಳ ನಿಂತಿಲ್ಲ. ಆರು ತಿಂಗಳಲ್ಲಿ ನಡೆದ ಮರುಪಂದ್ಯದಲ್ಲಿ ರೂಯಿಜ್ ಸೋತ. ಹಾಗಾದ್ರೆ ಮೊದಲ ಗೆಲುವು ಲಕ್ ತಾನೇ? ಹೊಟ್ಟೆ ಬಂದ ಮನುಷ್ಯ, ಅದೂ ಬೇರೊಬ್ಬನ ಬದಲಿಗೆ ಕೊನೇ ಗಳಿಗೆಯಲ್ಲಿ ಬಂದವನು, ಅಂಥ ಮೈಕಟ್ಟಿನ ಚಾಂಪಿಯನ್ನನ್ನು ನಿಜವಾಗಿ ಹೊಡೆದು ಬೀಳಿಸೋಕೆ ಸಾಧ್ಯವಾ?

ಉತ್ತರ: ಖಂಡಿತ ಸಾಧ್ಯ, ಮತ್ತು ಅದು ಲಕ್ ಅಲ್ಲ. ಒಂದೇ ಏಟಿಗೆ ಪಂದ್ಯ ಮುಗಿದಿದ್ದರೆ ನಿಮ್ಮ ಗೆಳೆಯರ ಮಾತನ್ನು ಸ್ವಲ್ಪ ಕೇಳಬಹುದಿತ್ತು. ಜೋಶುವಾ ಬಿದ್ದದ್ದು ನಾಲ್ಕು ಸಲ. ಮೂರನೇ ರೌಂಡ್‌ನಲ್ಲಿ ಎರಡು, ಏಳರಲ್ಲಿ ಎರಡು. ಯಾವ ಲಕ್ ನಾಲ್ಕು ಸಲ ಬರುತ್ತದೆ ಹೇಳಿ.

ಆ ಮೂರನೇ ರೌಂಡನ್ನು ಇನ್ನೊಂದು ಸಲ ನಿಧಾನವಾಗಿ ನೋಡಿ. ಮೊದಲು ಬಿದ್ದವನು ರೂಯಿಜ್. ಎದ್ದ. ಇನ್ನೇನು ಮುಗಿಸಿಬಿಡೋಣ ಅಂತ ಜೋಶುವಾ ಅವನ ಮೇಲೆ ನುಗ್ಗಿ ದೊಡ್ಡ ದೊಡ್ಡ ಏಟು ಬೀಸೋಕೆ ಶುರು ಮಾಡಿದ, ಹಾಗೆ ಬೀಸುವಾಗ ಕೈ ಮುಖದಿಂದ ದೂರ ಹೋಗುತ್ತದೆ, ರೂಯಿಜ್ ಹಿಂದೆ ಸರಿಯದೆ ಅಲ್ಲೇ ನಿಂತು ಆ ಸಂದಿಯಲ್ಲಿ ಎಡಗೈ ಹುಕ್ (ಮೊಣಕೈ ಬಾಗಿಸಿ ಪಕ್ಕದಿಂದ ಕೊಡುವ ಏಟು) ತೂರಿಸಿದ. ಅದು ಜೋಶುವಾನ ಕಣತಲೆಯ ಹತ್ತಿರ ಬಿತ್ತು. ಆಮೇಲೆ ಅವನ ಕಾಲು ಸರಿಹೋಗಲೇ ಇಲ್ಲ. ಹತ್ತಿರದಿಂದ, ಚುಟುಕಾಗಿ, ಒಂದರ ಹಿಂದೆ ಒಂದು ಏಟು ಕೊಡೋದೇ ರೂಯಿಜ್‌ನ ಆಟ. ಅಷ್ಟು ಭಾರದ ಮೈಗೆ ಅಷ್ಟು ಚುರುಕು ಕೈ ಇರುವ ಹೆವಿವೇಟ್‌ಗಳು ಕಡಿಮೆ. ಹೊಟ್ಟೆ ನೋಡಿದವರು ಕೈ ನೋಡಲಿಲ್ಲ, ಅಷ್ಟೇ.

ಬದಲಿ ಆಟಗಾರ ಅನ್ನೋದೂ ಅರ್ಧ ಸತ್ಯ. ಮೊದಲು ಜೋಶುವಾನ ಎದುರಾಳಿಯಾಗಬೇಕಿದ್ದ ಜರೆಲ್ ಮಿಲ್ಲರ್ ಡೋಪಿಂಗ್‌ನಲ್ಲಿ ಸಿಕ್ಕಿಬಿದ್ದ ಕಾರಣಕ್ಕೆ ಇವನಿಗೆ ಅವಕಾಶ ಬಂತು, ನಿಜ. ಆದರೆ ಅದೇ ವರ್ಷ ಏಪ್ರಿಲ್ 20ರಂದು ರೂಯಿಜ್ ಇನ್ನೊಂದು ಪಂದ್ಯ ಆಡಿ ಗೆದ್ದಿದ್ದ. ಮನೆಯಲ್ಲಿ ಕೂತಿದ್ದವನನ್ನು ಎಬ್ಬಿಸಿ ಕರೆತಂದದ್ದಲ್ಲ. ಅದಕ್ಕೂ ಮೊದಲು ಅವನು ಸೋತದ್ದು ಒಂದೇ ಒಂದು ಸಲ, 2016ರಲ್ಲಿ ಜೋಸೆಫ್ ಪಾರ್ಕರ್ ಎದುರು, ಅದೂ ಅಂಕದ ಮೇಲೆ.

ಇನ್ನು ಮರುಪಂದ್ಯ. ನಿಮ್ಮ ಗೆಳೆಯರು ಇದನ್ನೇ ದೊಡ್ಡ ಸಾಕ್ಷಿ ಅಂತ ತೋರಿಸ್ತಾರೆ, ನನಗೆ ಅದು ಪೂರ್ತಿ ಉಲ್ಟಾ ಕಾಣುತ್ತದೆ. ಡಿಸೆಂಬರ್ 7ರಂದು ಸೌದಿ ಅರೇಬಿಯಾದ ದಿರಿಯಾದಲ್ಲಿ ಜೋಶುವಾ ಹೇಗೆ ಆಡಿದ? ಮೈತೂಕವನ್ನು ಸುಮಾರು ಐದು ಕಿಲೋ ಇಳಿಸಿಕೊಂಡು ಬಂದ, ಹನ್ನೆರಡು ರೌಂಡೂ ದೂರದಿಂದ ಜ್ಯಾಬ್ (ಮುಂದಿನ ಕೈ ನೇರ ಚಾಚಿ ಕೊಡುವ ಏಟು) ಕೊಟ್ಟ, ರೂಯಿಜ್ ಹತ್ತಿರ ಬಂದರೆ ಅಪ್ಪಿ ಹಿಡಿದ ಇಲ್ಲವೇ ಪಕ್ಕಕ್ಕೆ ಸರಿದ, ಹತ್ತಿರ ನಿಂತು ಏಟಿಗೆ ಏಟು ಕೊಡುವ ಆಸೆಗೆ ಬೀಳಲೇ ಇಲ್ಲ. 21 ಜನರನ್ನು ನಾಕೌಟ್ ಮಾಡಿದ್ದವನು ಹೀಗೆ ಇಡೀ ಆಟವನ್ನೇ ಬದಲಿಸಿಕೊಂಡ. ಲಕ್ಕಿಗೆ ಹೆದರಿ ಯಾರೂ ಹಾಗೆ ಮಾಡಲ್ಲ. ಆ ಕೈಗೆ ಹೆದರಿ ಮಾಡಿದ. ರೂಯಿಜ್ ಮಾತ್ರ 122 ಕಿಲೋದಿಂದ 128ಕ್ಕೆ ಏರಿ ಬಂದ, ಪಾರ್ಟಿ ಮಾಡಿ ಕೆಟ್ಟೆ ಅಂತ ತಾನೇ ಒಪ್ಪಿಕೊಂಡ. ಡಿಸೆಂಬರ್‌ನಲ್ಲಿ ಸೋಮಾರಿಯಾದವನು ಜೂನ್‌ನಲ್ಲೂ ಸೋಮಾರಿಯಾಗಿದ್ದ ಅಂತ ಹೇಗೆ ಹೇಳೋದು? ಗೆದ್ದೆತ್ತಿನ ಬಾಲ ಹಿಡಿಯೋರಿಗೆ ಕೊನೆಯಲ್ಲಿ ಗೆದ್ದವನು ಮಾತ್ರ ಕಾಣ್ತಾನೆ.

ಪ್ರಶ್ನೆ: 1990ರಲ್ಲಿ ಟೋಕಿಯೊದಲ್ಲಿ ಬಸ್ಟರ್ ಡಗ್ಲಾಸ್ ಎಂಟನೇ ರೌಂಡ್‌ನಲ್ಲಿ ಬಿದ್ದಾಗ ರೆಫರಿ ನಿಧಾನವಾಗಿ ಎಣಿಸಿದರು (ಹತ್ತು ಎಣಿಸೋದರೊಳಗೆ ಏಳದಿದ್ದರೆ ಸೋತಂತೆ), ಇಲ್ಲದಿದ್ದರೆ ಆಗಿನ ಚಾಂಪಿಯನ್ ಮೈಕ್ ಟೈಸನ್ ಗೆದ್ದಾಗಿತ್ತು ಅಂತಾರೆ. ಅದಾದರೂ ಲಕ್ ಅಲ್ವಾ?

ಉತ್ತರ: ಎಣಿಕೆ ನಿಧಾನವಾಗಿತ್ತು, ಅದರಲ್ಲಿ ಅನುಮಾನ ಇಲ್ಲ. ರೆಫರಿ ಒಕ್ಟಾವಿಯೊ ಮೈರಾನ್ ಟೈಮ್‌ಕೀಪರ್‌ಗಿಂತ ತಡವಾಗಿ ಶುರು ಮಾಡಿದರು. ಆದರೆ ರಿಂಗ್‌ನಲ್ಲಿ ಬಿದ್ದವನು ನೋಡಬೇಕಾದ್ದು ರೆಫರಿಯ ಬೆರಳನ್ನು, ಹೊರಗಿನ ಗಡಿಯಾರವನ್ನಲ್ಲ. ಡಗ್ಲಾಸ್ ಬಿದ್ದ ಕೂಡಲೇ ಸಿಟ್ಟಿನಿಂದ ನೆಲಕ್ಕೆ ಮುಷ್ಟಿಯಿಂದ ಗುದ್ದಿದ, ನೋಡಿದ್ದೀರಾ? ತಲೆ ತಿರುಗಿ ಬಿದ್ದವನು ಹಾಗೆ ಮಾಡಲ್ಲ. ಎಣಿಕೆ ನೋಡಿಕೊಂಡು ಒಂಬತ್ತಕ್ಕೆ ಎದ್ದ. ಬೇಗ ಎಣಿಸಿದ್ದರೆ ಬೇಗ ಏಳುತ್ತಿದ್ದ ಅಂತಲೇ ನನ್ನ ನಂಬಿಕೆ.

ಅದಕ್ಕಿಂತ ಮುಖ್ಯವಾದದ್ದು, ಉಳಿದ ರೌಂಡ್‌ಗಳಲ್ಲಿ ಏನಾಯಿತು ಅನ್ನೋದು. ಡಗ್ಲಾಸ್‌ನ ಕೈಚಾಚು ಟೈಸನ್‌ಗಿಂತ ಸುಮಾರು 30 ಸೆಂಟಿಮೀಟರ್ ಜಾಸ್ತಿ. ಆ ಉದ್ದದ ಜ್ಯಾಬ್‌ನಿಂದ ಟೈಸನ್‌ನನ್ನು ಒಳಗೆ ಬರೋಕೇ ಬಿಡಲಿಲ್ಲ. ಟೈಸನ್‌ನ ಎಡಗಣ್ಣು ಊದಿ ಮುಚ್ಚಿಕೊಳ್ಳುತ್ತಿದ್ದರೆ ಅವನ ಕಡೆಯವರ ಹತ್ತಿರ ಊತ ಇಳಿಸುವ ತಣ್ಣನೆ ಲೋಹದ ತುಂಡೂ ಇರಲಿಲ್ಲ, ರಬ್ಬರ್ ಗ್ಲೌಸ್‌ಗೆ ಐಸ್ ನೀರು ತುಂಬಿ ಕಣ್ಣಿಗೆ ಒತ್ತುತ್ತಿದ್ದರು. ಟೈಸನ್ನೇ ಗೆಲ್ತಾನೆ ಅಂತ ಲಾಸ್ ವೇಗಾಸ್‌ನಲ್ಲಿ 42ಕ್ಕೆ 1ರ ಬಾಜಿ ನಡೆದಿತ್ತಲ್ಲ, ಆ ನಂಬಿಕೆ ಟೈಸನ್ ಪಾಳಯಕ್ಕೂ ತಗುಲಿತ್ತು. ಪಂದ್ಯಕ್ಕೆ ಸ್ವಲ್ಪ ದಿನ ಮೊದಲು ತಾಯಿಯನ್ನು ಕಳೆದುಕೊಂಡಿದ್ದ ಡಗ್ಲಾಸ್ ಮಾತ್ರ ಜೀವಮಾನದಲ್ಲೇ ಚೆನ್ನಾಗಿ ತಯಾರಾಗಿ ಬಂದಿದ್ದ. ಹತ್ತನೇ ರೌಂಡ್‌ನಲ್ಲಿ ಟೈಸನ್ ಮಂಡಿಯೂರಿ ಬಾಯಿಗಾರ್ಡ್ ಹುಡುಕಿ ಅಡ್ಡಡ್ಡ ಕಚ್ಚಿಕೊಂಡದ್ದು ಒಂದು ಏಟಿನ ಫಲ ಅಲ್ಲ, ಅಷ್ಟೂ ರೌಂಡ್‌ಗಳದ್ದು.

ಪ್ರಶ್ನೆ: ಹಾಗಾದ್ರೆ ಹೆವಿವೇಟ್‌ನಲ್ಲಿ ಲಕ್ ಅನ್ನೋದೇ ಇಲ್ವಾ?

ಉತ್ತರ: ಇದೆ, ಸ್ವಲ್ಪ. 2001ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಹಸೀಮ್ ರಹಮಾನ್ ಐದನೇ ರೌಂಡ್‌ನಲ್ಲಿ ಒಂದೇ ಬಲಗೈ ಏಟಿಗೆ ಆಗಿನ ಚಾಂಪಿಯನ್ ಲೆನಾಕ್ಸ್ ಲೂಯಿಸ್‌ನನ್ನು ಮಲಗಿಸಿದ್ದು ಲಕ್ಕಿಗೆ ತೀರಾ ಹತ್ತಿರ ಬರುತ್ತದೆ. ಅಲ್ಲೂ ಲೂಯಿಸ್ ಸಿನಿಮಾ ಶೂಟಿಂಗ್ ಮುಗಿಸಿ ಆ ಎತ್ತರದ ಜಾಗಕ್ಕೆ ತಡವಾಗಿ ಬಂದಿದ್ದ, ರಹಮಾನ್ ಮೊದಲೇ ಬಂದು ಅಲ್ಲಿನ ಗಾಳಿಗೆ ಹೊಂದಿಕೊಂಡಿದ್ದ.

ಆದರೆ ಇದೇ ಲೂಯಿಸ್ 1994ರಲ್ಲಿ ವೆಂಬ್ಲಿಯಲ್ಲಿ ಆಲಿವರ್ ಮೆಕಾಲ್‌ಗೆ ಸೋತದ್ದನ್ನು ನೋಡಿ. ಲೂಯಿಸ್‌ನನ್ನು ಬೀಳಿಸಿದ ಏಟು ಕೊಡುವಾಗ ಮೆಕಾಲ್‌ನ ಕಣ್ಣು ಮುಚ್ಚಿತ್ತು. ಕುರುಡು ಲಕ್ ಅಂತ ನಗಬಹುದು. ಆದರೆ ಲೂಯಿಸ್ ಬಲಗೈ ಬೀಸಿದಾಗ ಎಲ್ಲಿ ಸಂದಿ ಬಿಡ್ತಾನೆ ಅಂತ ಮೆಕಾಲ್‌ನ ಕೋಚ್ ಇಮ್ಯಾನುಯೆಲ್ ಸ್ಟೀವರ್ಡ್ ಕಂಡುಕೊಂಡು, ಆ ಏಟನ್ನೇ ಅಭ್ಯಾಸ ಮಾಡಿಸಿದ್ದರು. ಪಂದ್ಯ ಬೇಗ ನಿಲ್ಲಿಸಿದರು ಅಂತ ಲೂಯಿಸ್ ಮೊದಲು ಕೂಗಾಡಿದ, ಆಮೇಲೆ ಅದೇ ಸ್ಟೀವರ್ಡ್‌ರನ್ನು ತನ್ನ ಕೋಚ್ ಮಾಡಿಕೊಂಡ, 1997ರಲ್ಲಿ ಮೆಕಾಲ್‌ನನ್ನೇ ಸೋಲಿಸಿ ಚಾಂಪಿಯನ್ ಬೆಲ್ಟ್ ವಾಪಸ್ ತಗೊಂಡ.