ಪರಮಾಣು ತ್ಯಾಜ್ಯದ ನೀರಿನಿಂದ ವಿಕಿರಣ ಲೋಹ ತೆಗೆಯಲು ಒಂದು ಒಳ್ಳೆಯ ಫಿಲ್ಟರ್ ಸಾಲದೇ?

ಸಾಲದು. 2011ರಲ್ಲಿ ಅಪಘಾತಕ್ಕೀಡಾದ ಜಪಾನಿನ ಫುಕುಶಿಮಾ ಪರಮಾಣು ಸ್ಥಾವರದ ನೀರನ್ನೇ ನೋಡೋಣ. ಸೀಸಿಯಂ, ಸ್ಟ್ರಾನ್ಷಿಯಂ ಎಂಬ ವಿಕಿರಣ ಲೋಹಗಳು ಅದರಲ್ಲಿ ಮಣ್ಣಿನಂತೆ ತೇಲುತ್ತಿಲ್ಲ, ಉಪ್ಪಿನಂತೆ ಕರಗಿವೆ. ಸೋಸಿದರೆ ನೀರಿನ ಜೊತೆಗೇ ಇಳಿದುಹೋಗುತ್ತವೆ.

ಇನ್ನು ಪ್ರಮಾಣ. ಲೀಟರಿಗೆ ನೂರು ಕೋಟಿ ಬೆಕೆರೆಲ್ (ವಿಕಿರಣದ ಅಳತೆ; ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಒಂದು ಬೆಕೆರೆಲ್) ಸೀಸಿಯಂ-137 ಇದ್ದರೂ ತೂಕಕ್ಕೆ ಅದು ಸುಮಾರು 0.3 ಮಿಲಿಗ್ರಾಂ. 2011ರಲ್ಲಿ ರಿಯಾಕ್ಟರ್ ತಣಿಸಲು ಸುರಿದದ್ದು ಸಮುದ್ರದ ನೀರು. ಅದರಲ್ಲಿ ಲೀಟರಿಗೆ 10 ಗ್ರಾಂಗೂ ಹೆಚ್ಚು ಸೋಡಿಯಂ. ಮನೆಯ ವಾಟರ್ ಸಾಫ್ಟನರಿನಲ್ಲಿರುವಂಥ ರೆಸಿನ್ (ಕರಗಿದ ಲೋಹಗಳನ್ನು ಹಿಡಿದಿಡುವ ಸಣ್ಣ ಮಣಿಗಳು) ಹಾಕಿದರೆ ಜಾಗವೆಲ್ಲ ಸೋಡಿಯಮ್ಮಿನ ಪಾಲು. ಅದಕ್ಕೇ ಜಿಯೋಲೈಟ್, ಸಿಲಿಕೋಟೈಟನೇಟ್ ಎಂಬ ಸೂಕ್ಷ್ಮ ರಂಧ್ರಗಳ ಖನಿಜದಂಥ ವಸ್ತುಗಳು ಬೇಕು. ಸೀಸಿಯಂ ತನ್ನ ಸುತ್ತಲಿನ ನೀರಿನ ಕಣಗಳನ್ನು ಸುಲಭವಾಗಿ ಕಳಚಿಕೊಂಡು ಅವುಗಳ ಸಣ್ಣ ರಂಧ್ರಗಳಲ್ಲಿ ಕೂರುತ್ತದೆ, ಸೋಡಿಯಮ್ಮಿಗೆ ಅದು ಅಷ್ಟು ಸಲೀಸಲ್ಲ.

ಸ್ಟ್ರಾನ್ಷಿಯಂ ಇನ್ನೂ ತರಲೆ. ರಸಾಯನದ ಲೆಕ್ಕದಲ್ಲಿ ಅದು ಕ್ಯಾಲ್ಸಿಯಮ್ಮಿನ ತಮ್ಮ. ಸ್ಟ್ರಾನ್ಷಿಯಂ ಹಿಡಿಯುವ ಟೈಟನೇಟ್ ಕಾಲಮ್ಮಿನಲ್ಲಿ (ಹೀರುವ ವಸ್ತು ತುಂಬಿದ ಕೊಳವೆಯಲ್ಲಿ) ಇಬ್ಬರೂ ಒಂದೇ ಜಾಗಕ್ಕೆ ಪೈಪೋಟಿ. ಹಾಗಾಗಿ ಆಲ್ಪ್ಸ್ (ALPS) ಎಂಬ ಅಲ್ಲಿನ ನೀರು ಶುದ್ಧೀಕರಣ ಘಟಕದಲ್ಲಿ ಮೊದಲು ಕಬ್ಬಿಣದ ಹೈಡ್ರಾಕ್ಸೈಡನ್ನು ಗಸಿಯಾಗಿ ಇಳಿಸಿ ಆಲ್ಫಾ ವಿಕಿರಣ ಸೂಸುವ ಲೋಹಗಳನ್ನೂ ಕೋಬಾಲ್ಟನ್ನೂ ಅದರೊಡನೆ ಎಳೆದುಕೊಳ್ಳುತ್ತಾರೆ. ಆಮೇಲೆ ಸೋಡಿಯಂ ಕಾರ್ಬೊನೇಟ್, ಕಾಸ್ಟಿಕ್ ಸೋಡಾ ಬೆರೆಸಿ ಕ್ಯಾಲ್ಸಿಯಂ, ಮೆಗ್ನೀಷಿಯಂಗಳನ್ನು ಗಸಿಯಾಗಿ ಇಳಿಸುತ್ತಾರೆ. ಫಿಲ್ಟರಿನ ಕೆಲಸ ಇಲ್ಲಿ ಬರುತ್ತದೆ, ಗಸಿ ಹಿಡಿಯಲು. ತಿಳಿನೀರು ಆಮೇಲೆ ಸಾಲು ಕಾಲಮ್ಮುಗಳಿಗೆ.

ಕೆಟ್ಟದ್ದೂ ಇಲ್ಲೇ. 2014ರ ಮಾರ್ಚಿನಲ್ಲಿ ಫಿಲ್ಟರಿನ ಟೆಫ್ಲಾನ್ ಗ್ಯಾಸ್ಕೆಟ್ (ಸೋರದಂತೆ ಸಂದು ಮುಚ್ಚುವ ಪಟ್ಟಿ) ವಿಕಿರಣಕ್ಕೆ ಪೆಡಸಾಗಿ ಬಿರಿಯಿತು, ಕಾರ್ಬೊನೇಟ್ ಗಸಿ ಮುಂದಕ್ಕೆ ನುಗ್ಗಿತು. ಟೆಫ್ಲಾನ್ ಆಮ್ಲ, ಕ್ಷಾರ ಎರಡನ್ನೂ ತಡೆಯುತ್ತದೆ, ವಿಕಿರಣಕ್ಕೆ ಮಾತ್ರ ಬಲು ನಾಜೂಕು. ಬದಲಿಗೆ ಸಿಂಥೆಟಿಕ್ ರಬ್ಬರಿನದು ಹಾಕಿದರು. ಇಂಥ ಘಟಕ ನೋಡಲು ಹೋದರೆ ರಸಾಯನಕ್ಕಿಂತ ಮೊದಲು ಗ್ಯಾಸ್ಕೆಟ್ ಯಾವುದೆಂದು ಕೇಳಿ.

ಉಳಿಯುವುದು ಟ್ರೀಷಿಯಂ, ಹೈಡ್ರೋಜನ್ನಿನ ವಿಕಿರಣ ಸೂಸುವ ರೂಪ. ಅದು ಲೋಹವಲ್ಲ, ನೀರಿನ ಭಾಗವೇ ಆಗಿರುತ್ತದೆ, ಯಾವ ಕಾಲಮ್ಮಿಗೂ ಸಿಗದು. 2023ರ ಆಗಸ್ಟಿನಿಂದ ಲೀಟರಿಗೆ 1,500 ಬೆಕೆರೆಲ್‌ಗಿಂತ ಕಡಿಮೆಯಾಗುವಂತೆ ಸಮುದ್ರದ ನೀರು ಬೆರೆಸಿ ಸಮುದ್ರಕ್ಕೇ ಬಿಡುತ್ತಿದ್ದಾರೆ.

ತೆಗೆದ ಲೋಹವಾದರೂ ಮಾಯವಾಗುವುದಿಲ್ಲ. ಗಸಿಯನ್ನು ದಪ್ಪ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ತುಂಬಿಟ್ಟಿದ್ದಾರೆ. ವಿಕಿರಣ ಒಳಗಿನ ನೀರನ್ನು ಒಡೆದು ಹೈಡ್ರೋಜನ್ ಹುಟ್ಟಿಸುತ್ತದೆ, ಗುಳ್ಳೆಗಳು ಗಸಿಯಲ್ಲೇ ಸಿಕ್ಕಿಕೊಂಡು ಇಡ್ಲಿ ಹಿಟ್ಟಿನಂತೆ ಉಬ್ಬುತ್ತದೆ. 2015ರಲ್ಲಿ ಕೆಲವು ಪಾತ್ರೆಗಳ ಮುಚ್ಚಳದ ಮೇಲೆ ನೀರು ನಿಂತದ್ದು ಹೀಗೆಯೇ; ಮೇಲಿನ ತಿಳಿಯನ್ನು ತೆಗೆದು ಮಟ್ಟ ಇಳಿಸಬೇಕಾಯಿತು.